ಆಕ್ಷೇಪಾರ್ಹ ಭಾಗಗಳು

ಸೆಪ್ಟೆಂಬರ್ 1, ಸೋಮವಾರ

ಬೆಳಿಗ್ಗೆ ಹಾಸ್ಟೆಲಿನ ಊಟದ ಹಾಲ್‌ನಲ್ಲಿ ಹುಡುಗಿಯರು ಗಂಜಿ ಮುಟ್ಟಲಿಲ್ಲ. ಕೂಗಾಟವಿಲ್ಲ, ಗಲಾಟೆಯಿಲ್ಲ. ದೊಡ್ಡ ಹುಡುಗಿಯರ ಸಾಲು ಗಂಜಿ ಇದ್ದ ಹಾಗೇ ತಟ್ಟೆ ಕವುಚಿತು. ನೋಡುನೋಡುತ್ತ ಚಿಕ್ಕವರ ಸಾಲೂ ಕವುಚಿತು. ಬಿಳಿ ಗಂಜಿ ತಟ್ಟೆಯಂಚಿನಿಂದ ಒಸರಿ, ಮೇಜಿನಿಂದ ಬೆಂಚಿಗೆ, ಬೆಂಚಿನಿಂದ ನೆಲಕ್ಕೆ ಹನಿಯತೊಡಗಿತು. ಗಾಯದಿಂದ ಕೀವು ಸುರಿದ ಹಾಗೆ. ಥೂ!

ಎಲ್ಲರ ಮಣಿಕಟ್ಟಿನ ಮೇಲೂ ಪೆನ್ನಿನಲ್ಲಿ ಒಂದೇ ಗುರುತು: ವಾಲಿದ ತಕ್ಕಡಿ. ಕೊಠಡಿ ಶೋಧಿಸಿದಾಗ ಮೂಲ ಸಿಕ್ಕಿತು. ಉದ್ದಜಡೆಯ ಹಾಸಿಗೆಯ ಕೆಳಗೆ ಮೂರು ದಪ್ಪ ಪುಸ್ತಕಗಳು, ಮೇಲೆ ಕಂದು ರಟ್ಟು, ರಟ್ಟಿನ ಮೇಲೆ ‘ಭೂಗೋಳ’ ಎಂದು ಬರೆದಿದೆ. ಉದ್ದಜಡೆ ಎನ್ನುವುದು ಆ ಹುಡುಗಿಗೆ ನಾನಿಟ್ಟ ಹೆಸರು. ವಾರ್ಡನ್ ಆದ ನನಗೆ ಅವರಿಟ್ಟ ಹೆಸರು ಬೀಗದಮ್ಮ. ಅಲ್ಲಿಗೆ ಸರಿಹೋಯಿತು.

ಪ್ರಿನ್ಸಿಪಾಲರು ಪುಸ್ತಕಗಳನ್ನು ಸತ್ತ ಇಲಿಯಂತೆ ಎರಡು ಬೆರಳಲ್ಲಿ ಹಿಡಿದು ನೋಡಿದರು. “ಕಾಡು, ಕತ್ತಿ, ದಂಗೆ. ಇದನ್ನೆಲ್ಲ ಓದಿದರೆ ಮಕ್ಕಳು ಇನ್ನೇನು ಮಾಡ್ತಾರೆ? ನೀವು ಓದಿ ಮೇಡಂ. ಆಕ್ಷೇಪಾರ್ಹ ಭಾಗಗಳಿಗೆಲ್ಲ ಗುರುತು ಹಾಕಿ ಕೊಡಿ. ಆಡಳಿತ ಮಂಡಳಿ ಅಧ್ಯಕ್ಷರು ಬರೋಷ್ಟರಲ್ಲಿ ಈ ಹುಚ್ಚು ಇಳಿದಿರಬೇಕು.”

ಕಥೆ ಪುಸ್ತಕ ಎಂದರೆ ನನಗೆ ಮೊದಲಿಂದಲೂ ಅಷ್ಟಕ್ಕಷ್ಟೆ. ಅದರಲ್ಲೂ ಮೂರು ಸಂಪುಟ. ಹೇಳುವ ವಿಷಯವಿದ್ದವರು ಒಂದರಲ್ಲೇ ಹೇಳಿ ಮುಗಿಸುವುದಿಲ್ಲವೆ?

ಸೆಪ್ಟೆಂಬರ್ 3, ಬುಧವಾರ

ಹುಡುಗಿಯರು ತರಗತಿಗೆ ಹೋದ ಮೇಲೆ ನನ್ನ ಕೋಣೆಯಲ್ಲಿ ಕೆಂಪು ಪೆನ್ಸಿಲ್ ಹಿಡಿದು ಕುಳಿತೆ. ಎರಡನೇ ಅಧ್ಯಾಯಕ್ಕೇ ಪೆನ್ಸಿಲಿನ ಮೊನೆ ಸವೆಯಿತು.

ಒಂದು ಊರು, ಸುತ್ತಲೂ ಉಪ್ಪಿನ ಬಯಲು. ಊರ ನಡುವೆ ಒಂದು ದೊಡ್ಡ ತಕ್ಕಡಿ. ವರ್ಷಕ್ಕೊಮ್ಮೆ ಮಕ್ಕಳನ್ನೆಲ್ಲ ಅದರಲ್ಲಿ ನಿಲ್ಲಿಸಿ ತೂಗುತ್ತಾರೆ. ತೂಕ ಕಡಿಮೆ ಬಂದವರನ್ನು ಬಯಲಿಗೆ ಅಟ್ಟುತ್ತಾರೆ. ನಾಯಕಿಗೆ ಹದಿನಾರು. ತಮ್ಮನನ್ನು ಉಳಿಸಲು ಅವನ ಅಂಗಿಯ ಮಡಿಕೆಯೊಳಗೆ ಕಲ್ಲು ಹೊಲಿಯುತ್ತಾಳೆ, ಸಿಕ್ಕಿಬೀಳುತ್ತಾಳೆ, ತಾನೇ ಬಯಲಿಗೆ ಹೋಗುತ್ತಾಳೆ. ದೊಡ್ಡವರಿಗೆ ಸುಳ್ಳು ಹೇಳುವುದನ್ನು ಕಲಿಸುವ ಪಾಠ. ಗುರುತು ಹಾಕಿದೆ.

ಇನ್ನು ಆ ಕೊಳಕು! ಇಡೀ ಪುಸ್ತಕದಲ್ಲಿ ಯಾರೂ ಸ್ನಾನ ಮಾಡುವುದಿಲ್ಲ. ಒಬ್ಬರಿಗೂ ತಲೆ ಬಾಚುವ ಯೋಚನೆ ಇಲ್ಲ. ಹಲ್ಲಿಯನ್ನು ಹಸಿಯಾಗಿ ತಿನ್ನುವುದು ಮೂರು ಪುಟ ಇದೆ, ಬಾಲ ಗಂಟಲಲ್ಲಿ ಒದ್ದಾಡುವುದೂ ಸೇರಿ. ಬರೆದವರ ಕೈಗೆ ಅಸಹ್ಯ ಎನಿಸಲಿಲ್ಲವೇನೋ. ನನಗೆ ಮಧ್ಯಾಹ್ನದ ಊಟ ಸೇರಲಿಲ್ಲ.

ಸೆಪ್ಟೆಂಬರ್ 6, ಶನಿವಾರ

ಊರಿಗೆ ಬೆಂಕಿ ಬಿದ್ದಿದೆ, ಬೆನ್ನ ಹಿಂದೆ ಕಾವಲುಗಾರರು, ಆ ಹೊತ್ತಿನಲ್ಲಿ ಆ ಹುಡುಗಿಗೂ ಒಬ್ಬ ಕುರಿಕಾಯುವವನಿಗೂ ಮುತ್ತಿನ ಚಿಂತೆ! ಮದುವೆಮನೆಯಲ್ಲಿ ಸಿಂಬಳ ಸೀಟಿದ ಹಾಗೆ. ದಪ್ಪವಾಗಿ ಗುರುತು ಹಾಕಿದೆ.

ಸಂಜೆ ಗುಬ್ಬಿ ಮೊಗಸಾಲೆಯಲ್ಲಿ ವಾಂತಿ ಮಾಡಿದಳು. ಹಾಸ್ಟೆಲಿನಲ್ಲೇ ಚಿಕ್ಕವಳು, ಕೈಕಾಲು ಕಡ್ಡಿಯಂತಿವೆ. ಈ ವಾರದಲ್ಲಿ ಇದೇ ಮೊದಲಲ್ಲ. ತೆಳ್ಳಗೆ ಕಾಣಿಸಿದರೆ ಕಥೆಯ ಹುಡುಗಿಯಾಗಿಬಿಡುತ್ತೇನೆ ಎಂದುಕೊಂಡಿರಬೇಕು. “ನಾಟಕ ಸಾಕು, ಹೋಗಿ ಮಲಗು,” ಎಂದೆ. ಆಯಾ ರಜೆಯಲ್ಲಿದ್ದುದರಿಂದ ನಾನೇ ಬಳಿಯಬೇಕಾಯಿತು. ಹುಳಿ ವಾಸನೆ ಇನ್ನೂ ಕೈಯಲ್ಲಿದೆ.

ಬಚ್ಚಲ ಮೋರಿ ಮತ್ತೆ ಕಟ್ಟಿಕೊಂಡಿದೆ. ಎಲ್ಲಿ ನೋಡಿದರೂ ಕೊಚ್ಚೆ. ಪುಸ್ತಕದೊಳಗೂ, ಹೊರಗೂ.

ಸೆಪ್ಟೆಂಬರ್ 7, ಭಾನುವಾರ

ಮೊದಲ ಸಂಪುಟ ಮುಗಿಯಿತು. ಎಂಥ ಅನ್ಯಾಯದ ಜಾಗದಲ್ಲಿ ನಿಲ್ಲಿಸಿದ್ದಾರೆ! ಬಾವಿಯೊಳಗೆ ಇಳಿದಿದ್ದಾಳೆ, ಮೇಲೆ ಹಗ್ಗ ಕತ್ತರಿಸಿದ್ದಾರೆ, ಅಲ್ಲಿಗೆ ಕೊನೆಯ ಪುಟ. ಓದುವವರನ್ನು ಏನೆಂದುಕೊಂಡಿದ್ದಾರೆ?

ಪರಿಶೀಲನೆ ಅರ್ಧಕ್ಕೆ ನಿಲ್ಲಬಾರದು ಎಂದು ಎರಡನೆಯದನ್ನೂ ತೆರೆದೆ. ಅಕ್ಕ ಫೋನ್ ಮಾಡಿದಾಗ ಎತ್ತಲಾಗಲಿಲ್ಲ. ಒಲೆಯ ಮೇಲಿಟ್ಟಿದ್ದ ಹಾಲು ಉಕ್ಕಿ ಸೀದುಹೋಯಿತು. ಅದೂ ಇದೇ ದರಿದ್ರ ಪುಸ್ತಕದಿಂದ.

ಸೆಪ್ಟೆಂಬರ್ 10, ಬುಧವಾರ

ಉದ್ದಜಡೆ ಬಾಗಿಲಲ್ಲಿ ಬಂದು ನಿಂತಳು.

“ಮೇಡಂ, ಎರಡನೇ ಭಾಗ ಓದಿ ಮುಗೀತಾ?”

“ನಾನು ಓದ್ತಾ ಇಲ್ಲ. ಪರಿಶೀಲನೆ ಮಾಡ್ತಿದ್ದೀನಿ.”

“ಪರಿಶೀಲನೆ ಎಲ್ಲೀವರೆಗೆ ಬಂತು?”

“ಅವಳ ತಮ್ಮನ್ನ ಕಾವಲುಗಾರರ ಜೊತೆ ಸೇರಿಸಿಕೊಂಡ್ರಲ್ಲ, ಅಲ್ಲೀವರೆಗೆ.” ಬಾಯಿ ತಪ್ಪಿ ಬಂದುಬಿಟ್ಟಿತು.

“ಅಯ್ಯೋ, ಮುಂದೆ ಇನ್ನೂ ಇದೆ ಮೇಡಂ. ಕರ್ಚೀಫ್ ಇಟ್ಕೊಂಡು ಕೂತ್ಕೊಳ್ಳಿ.”

ಈ ಸಲಿಗೆಯನ್ನು ಅಲ್ಲೇ ಚಿವುಟಬೇಕು ಎಂದು ಗದರಿದೆ. ತಟ್ಟೆ ಕವುಚೋದು ಯಾರ ಉಪಾಯ, ಹೇಳು ಎಂದೆ. ಅವಳು ನೆಲ ನೋಡುತ್ತ, “ಗಂಜೀಲಿ ಹುಳ ಇರುತ್ತೆ ಮೇಡಂ,” ಎಂದಳು.

“ಹುಳ ಬೀಳದ ಧಾನ್ಯ ಯಾವ ಊರಲ್ಲಿದೆ?”

“ಮತ್ತೆ ನೀವ್ಯಾಕೆ ನಮ್ಮ ಜೊತೆ ಊಟ ಮಾಡಲ್ಲ?”

ಡಾಕ್ಟರು ಪಥ್ಯ ಹೇಳಿದ್ದಾರೆ ಎಂದೆ. ನನಗೆ ಯಾವ ಪಥ್ಯವೂ ಇಲ್ಲ. ಊಟದ ಹಾಲ್‌ನ ವಾಸನೆ ನನಗಾಗುವುದಿಲ್ಲ, ಅದಕ್ಕೇ ನನ್ನ ಕೋಣೆಯಲ್ಲೇ ಬೇಯಿಸಿಕೊಳ್ಳುತ್ತೇನೆ. ಇದನ್ನು ಅವಳಿಗೇಕೆ ಹೇಳಬೇಕು? ಹುಡುಗಿ ನನ್ನ ಮುಖವನ್ನೇ ನೋಡಿದಳು. ನಂಬಲಿಲ್ಲ. ಸೊಕ್ಕು.

ಸೆಪ್ಟೆಂಬರ್ 11, ಗುರುವಾರ

ಅವಳ ಬಾಯಿ ಮುಚ್ಚಿಸಬೇಕೆಂದೇ ಮಧ್ಯಾಹ್ನ ಊಟದ ಹಾಲ್‌ನಲ್ಲಿ ಕುಳಿತೆ. ಎಲ್ಲರ ಹಾಗೆ ಸಾಲಿನಲ್ಲಿ ನಿಂತು ತಟ್ಟೆ ಹಿಡಿದೆ. ಅನ್ನ, ಬೇಳೆ, ಬೆಂದು ಬೂದಿ ಬಣ್ಣಕ್ಕೆ ತಿರುಗಿದ ಎಲೆಕೋಸು.

ಮೊದಲ ತುತ್ತಿಗೇ ಮುಗ್ಗಲು. ಒದ್ದೆ ಗೋಣಿಚೀಲವನ್ನು ಅಗಿದ ಹಾಗೆ. ಎರಡನೆಯ ತುತ್ತಿನಲ್ಲಿ ನಾಲಿಗೆಗೆ ಏನೋ ಮೆತ್ತಗೆ ತಾಗಿತು. ತೆಗೆದು ನೋಡಿದೆ. ಬೆಂದ ಹುಳ, ಬೆಳ್ಳಗೆ, ಮುಖ ಕಪ್ಪಗೆ. ಇನ್ನೊಂದು ತಟ್ಟೆಯಲ್ಲೇ ಇತ್ತು. ಬೇಳೆಯಲ್ಲಿ ತೇಲುತ್ತಿದ್ದುದನ್ನು ಒಗ್ಗರಣೆ ಎಂದುಕೊಂಡಿದ್ದೆ. ಅದಕ್ಕೆ ಕಾಲುಗಳಿದ್ದವು.

ಹಾಲ್ ಪೂರ್ತಿ ನನ್ನನ್ನೇ ನೋಡುತ್ತಿತ್ತು. ಪಕ್ಕದಲ್ಲಿದ್ದ ಗುಬ್ಬಿ ತನ್ನ ತಟ್ಟೆಯ ಅಂಚಿನಲ್ಲಿ ಹುಳಗಳನ್ನು ಒಂದರ ಪಕ್ಕ ಒಂದು ಜೋಡಿಸಿಟ್ಟು, ಉಳಿದದ್ದನ್ನು ನೀರು ಕುಡಿದು ನುಂಗುತ್ತಿದ್ದಳು. “ಕಣ್ಣು ಮುಚ್ಕೊಂಡ್ರೆ ಸುಲಭ ಮೇಡಂ,” ಎಂದು ಮೆಲ್ಲಗೆ ಹೇಳಿಕೊಟ್ಟಳು.

ನಾನು ಎದ್ದು ಹೋದೆ. ಕೋಣೆಯಲ್ಲಿ ಎಷ್ಟು ಸಲ ಬಾಯಿ ಮುಕ್ಕಳಿಸಿದೆನೋ ಗೊತ್ತಿಲ್ಲ. ನಾಲಿಗೆಯನ್ನು ಬೂದಿ ಹಾಕಿ ಉಜ್ಜಬೇಕು ಎನಿಸಿತು. ಅಸಹ್ಯ, ಅಸಹ್ಯ, ಅಸಹ್ಯ.

ಸೆಪ್ಟೆಂಬರ್ 13, ಶನಿವಾರ

ಅಡುಗೆಯಮ್ಮನನ್ನು ಕರೆದುಕೊಂಡು ಉಗ್ರಾಣಕ್ಕೆ ಹೋದೆ. ಬಾಗಿಲು ತೆಗೆದರೆ ಸೀಗಡಿ ಕೊಳೆತಂಥ ವಾಸನೆ. ಚೀಲಗಳ ಕೆಳಭಾಗ ತೇವ ಹೀರಿ ಹಸಿರಾಗಿದೆ, ಮೇಲ್ಭಾಗ ಜೇಡರ ಬಲೆಯಂತೆ ನೂಲುಗಟ್ಟಿದೆ. ಒಂದು ಚೀಲಕ್ಕೆ ಕೈ ಹಾಕಿದೆ. ಅಕ್ಕಿ ತಾನೇ ಉಸಿರಾಡಿದ ಹಾಗೆ ಅಲುಗಾಡಿತು. ಮೂಲೆಯಲ್ಲಿ ಇಲಿ ಹಿಕ್ಕೆಯ ಗುಡ್ಡೆ.

“ಇದನ್ನ ಬೇಯಿಸ್ತಾ ಇದ್ದೀಯಾ?”

“ಇನ್ನೇನು ಬೇಯಿಸ್ಲಿ ಮೇಡಂ? ಬಂದಿದ್ದೇ ಹೀಗೆ. ಅಧ್ಯಕ್ಷರ ಭಾವಮೈದುನ ಕಳಿಸೋದು. ವಾಪಸ್ ಕಳಿಸಿದ್ದಕ್ಕೆ ಹಿಂದಿನ ಅಡುಗೆಯವನನ್ನೇ ಕಳಿಸಿಬಿಟ್ರು.” ಸೆರಗಿನಿಂದ ಮೂಗು ಮುಚ್ಚಿಕೊಂಡು ನಿಂತಳು. “ನನ್ನ ಮೇಲೆ ಹಾಕ್ಬೇಡಿ ತಾಯಿ.”

ನೇರ ಪ್ರಿನ್ಸಿಪಾಲರ ಬಳಿ ಹೋಗಿ, ಮುಷ್ಟಿಯಲ್ಲಿ ತಂದ ಅಕ್ಕಿಯನ್ನು ಮೇಜಿನ ಮೇಲೆ ಸುರಿದೆ. ಅವರು ಫೈಲುಗಳನ್ನು ಹಿಂದಕ್ಕೆ ಎಳೆದುಕೊಂಡರು.

“ತೊಳೆದು ಬೇಯಿಸಿದ್ರೆ ಎಲ್ಲ ಸತ್ತುಹೋಗುತ್ತೆ ಮೇಡಂ. ನೀವು ಅನುಭವಸ್ಥರು, ನೀವೇ ಹೀಗೆ ಮಾತಾಡಿದ್ರೆ? ಪುಸ್ತಕದ ಕೆಲಸ ಎಲ್ಲಿಗೆ ಬಂತು?”

ಸತ್ತರೇನು, ಅದು ಹೊಟ್ಟೆಗೇ ತಾನೆ ಹೋಗುವುದು ಎಂದು ಕೇಳಬೇಕಿತ್ತು. ಹೊಳೆದದ್ದು ಮೆಟ್ಟಿಲು ಇಳಿದ ಮೇಲೆ. ಎರಡನೆಯ ಸಂಪುಟದಲ್ಲಿ ಆ ಹುಡುಗಿಯೂ ತೂಕದ ಅಧಿಕಾರಿಯ ಬಳಿ ಒಬ್ಬಳೇ ಹೋಗಿ ಇದೇ ರೀತಿ ಬರಿಗೈಯಲ್ಲಿ ಬರುತ್ತಾಳೆ. ಒಬ್ಬಳೇ ಹೋದದ್ದು ಅವಳ ಪೆದ್ದುತನ. ಪುಟದ ಅಂಚಿನಲ್ಲಿ ಹಾಗೆಂದು ಬರೆದಿದ್ದೇನೆ.

ಸೆಪ್ಟೆಂಬರ್ 16, ಮಂಗಳವಾರ

ಗುಬ್ಬಿ ಬೆಳಿಗ್ಗೆ ಏಳಲಿಲ್ಲ. ಹಾಸಿಗೆಯೆಲ್ಲ ವಾಂತಿ, ಭೇದಿ. ಕಣ್ಣು ಒಳಕ್ಕೆ ಹೋಗಿದೆ. ನಾನೇ ಹೊತ್ತುಕೊಂಡು ಗೇಟಿನವರೆಗೆ ಓಡಿದೆ. ತೂಕವೇ ಇಲ್ಲ ಮಗುವಿಗೆ.

ನಾಟಕ ಎಂದಿದ್ದೆ.

ಸೆಪ್ಟೆಂಬರ್ 17, ಬುಧವಾರ

ಆಸ್ಪತ್ರೆ. ಗುಬ್ಬಿಯ ಅಪ್ಪ ಬಸ್ ಚಾಲಕರು. ಕೆಲಸದ ಅಂಗಿಯಲ್ಲೇ ಬಂದು ಮಗಳ ಕಾಲ ಬಳಿ ಕುಳಿತಿದ್ದಾರೆ. ತಿಂದ ಅನ್ನ ವಿಷವಾಗಿದೆ ಎಂದು ಡಾಕ್ಟರು ಹೇಳಿದರು. ಇನ್ನು ಸ್ವಲ್ಪ ತಡವಾಗಿದ್ದರೆ ಎಂದು ಶುರುಮಾಡಿ, ಅಪ್ಪನ ಮುಖ ನೋಡಿ, ನಿಲ್ಲಿಸಿದರು.

ಪ್ರಿನ್ಸಿಪಾಲರಿಂದ ಫೋನ್: “ಹೊರಗಿನ ತಿಂಡಿ ತಿಂದಿದ್ದಳು ಅಂತ ಹೇಳಿ.” ಆ ಹುಡುಗಿ ಹೊರಗೆ ಹೋಗುವುದು ಹೇಗೆ? ಬೀಗ ಹಾಕುವವಳು ನಾನೇ ಅಲ್ಲವೆ? “ಹ್ಞೂಂ” ಎಂದೆ. ನನ್ನ ಆ ಹ್ಞೂಂ ಕೇಳಿ ನನಗೇ ಹೇಸಿಗೆಯಾಯಿತು. ಗುಬ್ಬಿಯ ಅಪ್ಪ ಕೇಳಿದಾಗ ಹಾಗೆ ಹೇಳಲಿಲ್ಲ. ಏನನ್ನೂ ಹೇಳಲಿಲ್ಲ.

ಅವರು ಚಹಾ ಕುಡಿಯಲು ಹೋದಾಗ ಗುಬ್ಬಿ ಕಣ್ಣು ಬಿಟ್ಟಳು. ನೀರು ಕೇಳುತ್ತಾಳೆ ಎಂದುಕೊಂಡೆ. “ಮೇಡಂ, ಮೂರನೇ ಭಾಗ ನಾನಿನ್ನೂ ಓದಿಲ್ಲ. ಗೆಲ್ತಾರಾ?”

“ನಾನೂ ಅರ್ಧದಲ್ಲಿದ್ದೀನಿ ಕಂದ. ಊರಿನ ಮಕ್ಕಳೆಲ್ಲ ಒಟ್ಟಿಗೆ ತಕ್ಕಡಿ ಹತ್ತಿಬಿಟ್ಟಿದ್ದಾರೆ. ತೂಗೋಕಾಗದೆ ಸರಪಳಿ ಕಿರುಗುಟ್ತಾ ಇದೆ.”

“ಕುರಿಕಾಯೋನು?”

“ಅವನಿದ್ದಾನೆ. ಮುತ್ತು ಕೊಡೋದು ಬಿಟ್ಟು ಬೇರೆ ಕೆಲಸ ಇಲ್ಲ ಅವನಿಗೆ.”

ಒಣಗಿದ ತುಟಿಯಲ್ಲೇ ನಕ್ಕಳು. ತುಟಿ ಒಡೆದು ರಕ್ತ ಬಂತು.

ಸೆಪ್ಟೆಂಬರ್ 19, ಶುಕ್ರವಾರ

ಮೂರನೆಯದೂ ಮುಗಿಯಿತು. ಗೋಡೆಗೆ ಎಸೆದೆ.

ಗೆಲ್ಲುತ್ತಾರೆ, ನಿಜ. ತೂಕದ ಅಧಿಕಾರಿ ಓಡಿಹೋಗುತ್ತಾನೆ. ಅವನ ಕುರ್ಚಿಯಲ್ಲಿ ದಂಗೆಯ ಮುಂದಾಳು ಕೂರುತ್ತಾಳೆ. ಮೊದಲ ದಿನವೇ ಏನು ಅಪ್ಪಣೆ ಕೊಡುತ್ತಾಳೆ? ಅಧಿಕಾರಿಗಳ ಮಕ್ಕಳನ್ನೂ ತೂಗಿ ಬಯಲಿಗೆ ಅಟ್ಟಿ ಎಂದು! ನಮ್ಮ ಹುಡುಗಿ ಅವಳ ಮುಂದೆ ಕತ್ತಿ ಎತ್ತುವುದಿಲ್ಲ, ಭಾಷಣ ಮಾಡುವುದಿಲ್ಲ, ತಾನೇ ತಕ್ಕಡಿ ಹತ್ತಿ ಕೂತುಬಿಡುತ್ತಾಳೆ. ಇಳಿ ಎಂದರೆ ಇಳಿಯುವುದಿಲ್ಲ. ಅಷ್ಟೆ. ಆಮೇಲೆ ಏನಾಯಿತು ಎಂದು ಬರೆದೇ ಇಲ್ಲ. ಇಷ್ಟು ದಪ್ಪ ಪುಸ್ತಕ ಬರೆದವರಿಗೆ ಇನ್ನೆರಡು ಪುಟಕ್ಕೆ ಬರವೆ? ಸಿಟ್ಟಿನಿಂದ ಅತ್ತುಬಿಟ್ಟೆ.

ಸಂಜೆ ಪ್ರಿನ್ಸಿಪಾಲರು ಎಲ್ಲರನ್ನೂ ಸೇರಿಸಿದರು. ಸೋಮವಾರ ಅಧ್ಯಕ್ಷರು ಬರುತ್ತಾರೆ. ಮಕ್ಕಳ ಜೊತೆ ಕೂತು ಊಟ, ಫೋಟೋ, ಅದು ಮಾರನೆಯ ದಿನ ಪತ್ರಿಕೆಗೆ. ಅವರಿಗೆ ಪೇಟೆಯಿಂದ ಅಕ್ಕಿ ತಂದು ಚಿಕ್ಕ ಪಾತ್ರೆಯಲ್ಲಿ ಬೇರೆ ಅಡುಗೆ. ಮಕ್ಕಳಿಗೆ ಎಂದಿನ ದೊಡ್ಡ ಪಾತ್ರೆ. “ಮುಂದಿನ ಸಾಲಿಗೆ ದುಂಡಗಿರೋ ಹುಡುಗಿಯರನ್ನ ಕೂರಿಸಿ,” ಎಂದರು.

ದುಂಡಗಿರುವವರು! ಈ ಮನುಷ್ಯನ ಜೊತೆ ಇಷ್ಟು ವರ್ಷ ಚಹಾ ಕುಡಿದಿದ್ದೇನೆ.

ಸೆಪ್ಟೆಂಬರ್ 22, ಸೋಮವಾರ

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಬೆಳಿಗ್ಗೆ ಉದ್ದಜಡೆಯ ಕೊಠಡಿಗೆ ಹೋದೆ. ಏಳೆಂಟು ತಲೆಗಳು ಒಂದಕ್ಕೊಂದು ತಾಗಿಕೊಂಡು ಪಿಸುಗುಟ್ಟುತ್ತಿದ್ದವು, ನನ್ನನ್ನು ಕಂಡು ಚದುರಿದವು.

“ಇವತ್ತು ಯಾರೂ ತಟ್ಟೆ ಕವುಚಬಾರದು.”

“ಅಧ್ಯಕ್ಷರ ಮುಂದೆ ಅಲ್ದೆ ಇನ್ಯಾರ ಮುಂದೆ ಕವುಚೋಣ ಮೇಡಂ? ಗುಬ್ಬಿ ಆಸ್ಪತ್ರೇಲಿದ್ದಾಳೆ!”

“ಕವುಚಿದ್ರೆ ನಿಮ್ಮನ್ನ ಸಂಜೆಯೊಳಗೆ ಮನೆಗೆ ಕಳಿಸ್ತಾರೆ. ಪುಸ್ತಕ ಓದಿ ಕೆಟ್ಟರು ಅಂತಾರೆ. ಬಡಿಸಿದ್ದನ್ನ ಸುಮ್ನೆ ತಿನ್ನಿ.”

“ನೀವೂ ಅವರ ಕಡೆಯವರೇ,” ಎಂದಳು. ಕಣ್ಣಲ್ಲಿ ಅಷ್ಟು ಹೇಸಿಗೆ ಇತ್ತು. ಅದನ್ನು ಬಿಡಿಸಿ ಹೇಳಲು ನನಗೆ ಹೊತ್ತಿರಲಿಲ್ಲ.

ಅಡುಗೆಮನೆಗೆ ಹೋಗಿ ಸೌಟು ಇಸಿದುಕೊಂಡೆ. “ಅಧ್ಯಕ್ಷರಿಗೆ ನಾನು ಬಡಿಸ್ತೀನಿ. ನೀನು ಬಚ್ಚಲಲ್ಲಿ ಪಾತ್ರೆ ತೊಳೀತಿದ್ದೆ. ನಿನಗೇನೂ ಗೊತ್ತಿಲ್ಲ.” ಅಡುಗೆಯಮ್ಮ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಕೇಳದೆಯೇ ದೊಡ್ಡ ಪಾತ್ರೆಯನ್ನು ತಿರುವಿ ತಳದ ಅನ್ನವನ್ನು ಮೇಲಕ್ಕೆ ತಂದಿಟ್ಟು ಹೋದಳು.

ಅಧ್ಯಕ್ಷರು ದುಂಡುದುಂಡು ಹುಡುಗಿಯರ ನಡುವೆ ಕುಳಿತರು. ಪ್ರಿನ್ಸಿಪಾಲರು, ಎರಡು ಕ್ಯಾಮೆರಾ, ಕರೆಸಿದ್ದ ಕೆಲವು ಪೋಷಕರು. ಗುಬ್ಬಿಯ ಅಪ್ಪನನ್ನು ಯಾರೂ ಕರೆದಿರಲಿಲ್ಲ. ನಾನು ಕರೆದಿದ್ದೆ. ಬಾಗಿಲ ಬಳಿ ನಿಂತಿದ್ದರು.

“ನಮ್ಮ ಮಕ್ಕಳು ಏನು ತಿಂತಾರೋ ನಾನೂ ಅದನ್ನೇ ತಿಂತೀನಿ,” ಎಂದರು ಅಧ್ಯಕ್ಷರು, ಕ್ಯಾಮೆರಾಗಳತ್ತ ತಿರುಗಿ.

ಅದನ್ನೇ ಬಡಿಸಿದೆ. ಧಾರಾಳವಾಗಿ.

ಪ್ರಿನ್ಸಿಪಾಲರಿಗೆ ಅನ್ನದ ಬಣ್ಣ ನೋಡಿದೊಡನೆ ಗೊತ್ತಾಯಿತು. ಅವರ ಕೈ ಮೇಲೆದ್ದು ಗಾಳಿಯಲ್ಲೇ ನಿಂತಿತು. ಅಷ್ಟರಲ್ಲಿ ಅಧ್ಯಕ್ಷರು ತುತ್ತು ಬಾಯಿಗಿಟ್ಟಾಗಿತ್ತು. ಎರಡು ಸಲ ಅಗಿದರು. ದವಡೆ ನಿಂತಿತು. ಎದುರಿಗೆ ಕ್ಯಾಮೆರಾ, ಉಗುಳುವಂತಿಲ್ಲ. ಒಳಗಿಂದ ನಾಲಿಗೆ ವಾಪಸ್ ತಳ್ಳುತ್ತಿದೆ, ನುಂಗುವಂತಿಲ್ಲ. ಕೆನ್ನೆ ಉಬ್ಬಿ, ಕಣ್ಣಲ್ಲಿ ನೀರು ಬಂತು. ನೋಡುವುದಕ್ಕೇ ಅಸಹ್ಯವಾಗಿತ್ತು. ನಾನು ಕಣ್ಣು ತೆಗೆಯಲಿಲ್ಲ.

“ಇನ್ನೊಂದು ಸೌಟು ಹಾಕಲಾ ಸರ್?” ಎಂದೆ.

ಅವರು ಕಷ್ಟಪಟ್ಟು ನುಂಗಿ, ಬೆರಳಿನಿಂದ ಅನ್ನ ಕೆದಕಿದರು. ಸಿಕ್ಕಿತು. ಬೆಳ್ಳಗೆ, ಮುಖ ಕಪ್ಪಗೆ. ಪಕ್ಕದ ಸಾಲಿನಿಂದ ಉದ್ದಜಡೆ, ತರಗತಿಯಲ್ಲಿ ಉತ್ತರ ಹೇಳುವವಳಂತೆ ಎದ್ದು ನಿಂತು, ವಿನಯದಿಂದ ಹೇಳಿದಳು: “ಅದನ್ನ ತಟ್ಟೆ ಅಂಚಿಗೆ ಎತ್ತಿಟ್ಟು ತಿನ್ಬೇಕು ಸರ್. ನಾವೆಲ್ಲ ಹಾಗೇ ಮಾಡೋದು.”

ಆಮೇಲೆ ಗುಬ್ಬಿಯ ಅಪ್ಪ ಬಾಗಿಲಿನಿಂದ ನಡೆದು ಬಂದರು. ಯಾರನ್ನೂ ಬೈಯಲಿಲ್ಲ. ದೊಡ್ಡ ಪಾತ್ರೆಯೊಳಗೆ ಬಗ್ಗಿ ನೋಡಿದರು. “ಇದನ್ನ ಆಸ್ಪತ್ರೆಗೆ ತಗೊಂಡು ಹೋಗಿ ಡಾಕ್ಟರಿಗೆ ತೋರಿಸ್ತೀನಿ,” ಎಂದರು. ಒಬ್ಬರಿಗೆ ಎತ್ತಲಾಗುವ ಪಾತ್ರೆಯಲ್ಲ ಅದು. ಇನ್ನೊಂದು ಹಿಡಿಯನ್ನು ನಾನು ಹಿಡಿದೆ.

ಸೆಪ್ಟೆಂಬರ್ 23, ಮಂಗಳವಾರ

ಪ್ರಿನ್ಸಿಪಾಲರ ಕೋಣೆ. ಅಧ್ಯಕ್ಷರ ಕಡೆಯ ವಕೀಲರೊಬ್ಬರೂ ಇದ್ದರು.

“ಹುಡುಗಿಯರು ನಿಮಗೆ ಹೇಳಿಕೊಟ್ರಾ?”

“ಇಲ್ಲ.”

“ಪುಸ್ತಕದ ಪ್ರಭಾವಾನಾ?”

ನಾನೇನು ಹದಿನಾರರ ಹುಡುಗಿಯೆ, ಪುಸ್ತಕ ಓದಿ ಕುಣಿಯಲು? “ನನಗೆ ಮೂಗಿದೆ, ನಾಲಿಗೆ ಇದೆ. ಅಷ್ಟು ಸಾಕಾಯ್ತು,” ಎಂದೆ.

ಕೆಲಸ ಹೋಯಿತು. ಕೋಣೆ ಖಾಲಿ ಮಾಡಬೇಕು. ಅಕ್ಕ ಫೋನಿನಲ್ಲಿ, “ಈ ವಯಸ್ಸಲ್ಲಿ ಇದೆಲ್ಲ ಬೇಕಿತ್ತಾ ನಿನಗೆ?” ಎಂದು ಬೈದು, ಅದೇ ಉಸಿರಿನಲ್ಲಿ “ಮೇಲಿನ ಕೋಣೆ ಗುಡಿಸಿಟ್ಟಿದ್ದೀನಿ, ಬಾ,” ಎಂದಳು.

ಅಕ್ಟೋಬರ್ 12, ಭಾನುವಾರ

ಅಕ್ಕನ ಮನೆಯ ಮೇಲಿನ ಕೋಣೆಗೆ ಮಧ್ಯಾಹ್ನದ ಬಿಸಿಲು ನೇರ ಬೀಳುತ್ತದೆ. ಕೆಳಗೆ ಭಾವನ ಕೆಮ್ಮು, ಪಕ್ಕದಲ್ಲಿ ಬಡಗಿಯ ಗರಗಸ. ಕೆಲಸ ಇನ್ನೂ ಸಿಕ್ಕಿಲ್ಲ. ಒಂದು ಹೆರಿಗೆ ಆಸ್ಪತ್ರೆಯಲ್ಲಿ ಕೇಳಿದ್ದೇನೆ. ‘ಹಿಂದಿನ ಕೆಲಸ ಬಿಟ್ಟಿದ್ದೇಕೆ’ ಎಂದು ಕೇಳಿದರು. ಹೇಳಿದೆ. ಪೂರ್ತಿ ಕೇಳಿಸಿಕೊಂಡು, ತಿಳಿಸುತ್ತೇವೆ ಎಂದರು.

ಉಗ್ರಾಣವನ್ನು ಆರೋಗ್ಯ ಇಲಾಖೆಯವರು ಖಾಲಿ ಮಾಡಿಸಿದ್ದಾರಂತೆ. ಭಾವಮೈದುನನ ಗುತ್ತಿಗೆ ರದ್ದು. ಅಧ್ಯಕ್ಷರು ಮಾತ್ರ ಅದೇ ಕುರ್ಚಿಯಲ್ಲಿದ್ದಾರೆ. ಅಕ್ರಮವನ್ನು ಬಯಲಿಗೆಳೆದವರು ತಾವೇ ಎಂದು ಪತ್ರಿಕೆಗೆ ಹೇಳಿದ್ದಾರೆ, ಫೋಟೋ ಸಮೇತ. ಪತ್ರಿಕೆಯನ್ನು ಮೆಟ್ಟಿಲು ಒರೆಸಲು ಬಳಸಿದೆ.

ಇವತ್ತು ಫೋನ್ ಬಂತು. ಎತ್ತಿದರೆ ಗುಬ್ಬಿ, ಹಿಂದೆ ಹತ್ತು ಜನರ ಗಲಾಟೆ. ಮೈ ತುಂಬಿಕೊಂಡಿದ್ದಾಳಂತೆ.

“ಮೇಡಂ, ಅನ್ನ ಈಗ ಬೆಳ್ಳಗಿದೆ! ಆದ್ರೆ ಹೊಸ ವಾರ್ಡನ್ನು ಎರಡನೇ ಸಲ ಬಡಿಸಲ್ಲ. ಬೇಳೆ ಬರೀ ನೀರು. ಉಪ್ಪೇ ಇರಲ್ಲ.”

ಈ ಹುಡುಗಿಯರಿಗೆ ಎಷ್ಟು ಕೊಟ್ಟರೂ ಸಾಲದು. ಮೊನ್ನೆಯವರೆಗೆ ಹುಳ ತಿನ್ನುತ್ತಿದ್ದವರಿಗೆ ಈಗ ಉಪ್ಪಿನ ಚಿಂತೆ.

“ನನಗ್ಯಾಕೆ ಹೇಳ್ತೀಯಾ? ಹೋಗಿ ಅವರಿಗೇ ಹೇಳು,” ಎಂದೆ.

“ಬೈತಾರೆ ಮೇಡಂ.”

“ಬೈದರೆ ಬೈಯಲಿ. ಒಬ್ಬಳೇ ಹೋಗ್ಬೇಡ ಮತ್ತೆ. ಎಲ್ಲರೂ ಹೋಗಿ. ತಟ್ಟೆ ಹಿಡ್ಕೊಂಡು ಹೋಗಿ.”